ಮಳೆಗಾಲಕ್ಕೆ ಮೊದಲಿನ ಉಕ್ತಲೇಖನ

2019ರ ಆಗಸ್ಟ್ ಎರಡನೇ ವಾರ. ಬೆಂಗಳೂರಿನಲ್ಲಿ ಕುಳಿತು ಅಮ್ಮನ ಫೋನಿಗೆ ಎಷ್ಟು ಸಲ ಕರೆ ಮಾಡಿದೆನೋ ಲೆಕ್ಕವಿಲ್ಲ. ಟಿವಿಯಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದ ಚಿತ್ರ ಬರುತ್ತಿತ್ತು. ನಮ್ಮೂರಿನಲ್ಲಿ ಕರೆಂಟು ಹೋಗಿತ್ತು, ಮೊಬೈಲ್ ಟವರಿನ ಬ್ಯಾಟರಿ ಇಳಿದಿತ್ತು, ರಸ್ತೆಗೆ ಮರ ಬಿದ್ದಿತ್ತು. ಮೂರನೇ ದಿನ ಸಂಜೆ, ಹೇಗೋ ಪೇಟೆ ಸೇರಿದ ಊರಿನವರೊಬ್ಬರು ಫೋನ್ ಮಾಡಿ ಹೇಳಿದರು: "ಅಮ್ಮ ಹೈಸ್ಕೂಲಿನಲ್ಲಿ ಇದ್ದಾರೆ, ಹುಷಾರಾಗಿದ್ದಾರೆ."

ನಾನು ಎಂಟನೇ ತರಗತಿ ಓದಿದ ಕೊಠಡಿಯಲ್ಲೇ ಅಮ್ಮ ಇತರರೊಡನೆ ಎರಡು ರಾತ್ರಿ ಕಳೆದಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಸಂದೇಶವನ್ನು ಅಮೆರಿಕ ಮುಟ್ಟಿಸುವ ತಂತ್ರಾಂಶ ಬರೆಯುವುದು ನನ್ನ ಉದ್ಯೋಗ. ಆದರೆ "ಅಮ್ಮ ಹುಷಾರಾಗಿದ್ದಾರೆ" ಎಂಬ ಎರಡು ಪದ ನಮ್ಮ ಶಾಲೆಯಿಂದ ಬೆಂಗಳೂರು ಮುಟ್ಟಲು ಮೂರು ದಿನ ಬೇಕಾಯಿತು. ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋದ ಚರಿತ್ರೆಯನ್ನು ನಾನು ಓದಲು ಶುರುಮಾಡಿದ್ದು ಆ ಬಳಿಕ.

ಈ ಹವ್ಯಾಸ ನಮ್ಮ ದೇಶಕ್ಕೆ ಹೊಸದಲ್ಲ. ಭಾರತದ ಮೊದಲ ಹವ್ಯಾಸಿ ಎಂದು ಅಮರೇಂದ್ರ ಚಂದ್ರ ಗುಪ್ತು ಅವರನ್ನು ಗುರುತಿಸುತ್ತಾರೆ. ಅವರು ತಮ್ಮ ಕೇಂದ್ರವನ್ನು ಆರಂಭಿಸಿದ್ದು 1921ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಪರವಾನಗಿಗಳನ್ನು ರದ್ದುಮಾಡಿ ಸೆಟ್ಟುಗಳನ್ನು ಒಪ್ಪಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಹವ್ಯಾಸ ಮತ್ತೆ ಚಿಗುರಿತು. ಹ್ಯಾಮ್ ಸೆಟ್ಟಿಗೆ ನಡುವೆ ಟವರು ಬೇಕಿಲ್ಲ, ಕಂಪನಿ ಬೇಕಿಲ್ಲ. ಇಲ್ಲೊಂದು ಸೆಟ್ಟು, ಅಲ್ಲೊಂದು ಸೆಟ್ಟು, ಒಂದು ಬ್ಯಾಟರಿ, ಒಂದು ತಂತಿ ಇದ್ದರೆ ಸಾಕು.

1999ರ ಅಕ್ಟೋಬರ್ 29ರಂದು ಒಡಿಶಾ ತೀರಕ್ಕೆ ಮಹಾ ಚಂಡಮಾರುತ ಅಪ್ಪಳಿಸಿತು. ಸರ್ಕಾರಿ ಲೆಕ್ಕದಲ್ಲೇ ಹತ್ತಿರ ಹತ್ತಿರ 10,000 ಜನ ತೀರಿಕೊಂಡರು. ಟೆಲಿಫೋನ್ ಕಂಬಗಳು ಮಲಗಿದವು. ಆಗ ಬೇರೆ ರಾಜ್ಯಗಳಿಂದ ಹೋದ ಹ್ಯಾಮ್‌ಗಳು ಪರಿಹಾರದ ಸಂದೇಶಗಳನ್ನು ಸಾಗಿಸಿದರು. ಆದರೆ ಅವರು ಅಲ್ಲಿಗೆ ಹೋಗಿ ಮುಟ್ಟಬೇಕಾಗಿತ್ತು. ಮುರಿದ ರಸ್ತೆಯಲ್ಲಿ ಕಳೆದುಹೋಗುವುದು ಅತ್ಯಂತ ಬೆಲೆಬಾಳುವ ಮೊದಲ ಗಂಟೆಗಳು.

2004ರ ಡಿಸೆಂಬರ್ ತಿಂಗಳ ಕಥೆ ಬೇರೆ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ತಂಡವೊಂದು ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಜಗತ್ತಿನ ಹ್ಯಾಮ್‌ಗಳಿಗೆ ಅಂಡಮಾನ್ ಒಂದು ಅಪರೂಪದ ತಾಣ. ಅಲ್ಲಿಂದ ಸಾವಿರಾರು ಮಂದಿಯೊಡನೆ ಮಾತಾಡುವುದೇ ತಂಡದ ಸಂಭ್ರಮವಾಗಿತ್ತು. ಡಿಸೆಂಬರ್ 26ರ ಬೆಳಗ್ಗೆ ಆರೂವರೆ ಹೊತ್ತಿಗೆ ಭೂಮಿ ನಡುಗಿ ಸುನಾಮಿ ಬಂತು. ದ್ವೀಪಗಳ ಫೋನುಗಳು ಸತ್ತವು. ಹವ್ಯಾಸಕ್ಕೆಂದು ತಂದ ಸೆಟ್ಟುಗಳೇ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದವು. ಕಾರ್ ನಿಕೋಬಾರ್‌ಗೂ ಹ್ಯಾಮ್‌ಗಳು ಹೋದರು. ಕಂಗಾಲಾದ ಎಷ್ಟೋ ಮನೆಗಳಿಗೆ "ನಿಮ್ಮವರು ಬದುಕಿದ್ದಾರೆ" ಎಂಬ ಮಾತು ಹೋಯಿತು. ಆದರೆ ಆ ತಂಡ ಅಂದು ಅಲ್ಲಿದ್ದದ್ದು ಅದೃಷ್ಟ. ಅದೃಷ್ಟವನ್ನೇ ನಂಬಿ ಮಳೆಗಾಲ ಕಳೆಯಲಾಗದು.

ಹಾಗಾದರೆ ಅದೃಷ್ಟದ ಜಾಗದಲ್ಲಿ ಏನಿಡಬೇಕು? ಅಮೆರಿಕದ ಹವ್ಯಾಸಿಗಳು 1933ರ ಜೂನ್‌ನಿಂದ ಪ್ರತಿ ವರ್ಷ 'ಫೀಲ್ಡ್ ಡೇ' ನಡೆಸುತ್ತಾ ಬಂದಿದ್ದಾರೆ. ಯುದ್ಧದ ವರ್ಷಗಳಲ್ಲಿ ಮಾತ್ರ ಅದು ನಿಂತಿತ್ತು. ಮನೆಯ ಕರೆಂಟು ಬಿಟ್ಟು, ಬಯಲಿನಲ್ಲಿ ತಂತಿ ಕಟ್ಟಿ, ಬ್ಯಾಟರಿಯಲ್ಲೋ ಜನರೇಟರಿನಲ್ಲೋ ಮಾತಾಡುವ ತಾಲೀಮು ಅದು. 1965ರಲ್ಲಿ ಬೆಟ್ಸಿ ಎಂಬ ಚಂಡಮಾರುತದ ಸಮಯದಲ್ಲಿ ಹುಟ್ಟಿದ ಹವ್ಯಾಸಿಗಳ ನಿಗಾ ಜಾಲ ಇಂದಿಗೂ ಕೆಲಸ ಮಾಡುತ್ತಿದೆ. ಬಿರುಗಾಳಿ ಬಂದಾಗ ಉಪಯೋಗಕ್ಕೆ ಬಂದದ್ದು ಸೆಟ್ಟಿಗಿಂತ ಹೆಚ್ಚಾಗಿ ರೂಢಿ.

ಈ ಪಾಠ ಓದಿ ನಾನೂ ಪರೀಕ್ಷೆ ಕಟ್ಟಿ ಪರವಾನಗಿ ಪಡೆದೆ. ಕಳೆದ ವರ್ಷ ಬೇಸಿಗೆ ರಜೆಯಲ್ಲಿ, ಮುಖ್ಯೋಪಾಧ್ಯಾಯರ ಅನುಮತಿಯೊಂದಿಗೆ, ಇಬ್ಬರು ಹ್ಯಾಮ್ ಗೆಳೆಯರನ್ನು ಕರೆತಂದು ನಮ್ಮ ಶಾಲೆಯಲ್ಲಿ ಒಂದು ಸಣ್ಣ ತಾಲೀಮು ನಡೆಸಿದೆ. ಕೈಯಲ್ಲಿ ಹಿಡಿಯುವ ವಾಕಿಟಾಕಿ ಗುಡ್ಡವನ್ನು ದಾಟಲಿಲ್ಲ. ಅದರ ಅಲೆ ನೇರವಾಗಿ ಹೋಗುವಂಥದ್ದು. ಗುಡ್ಡದ ನೆತ್ತಿಯ ಮೇಲೆ ಒಬ್ಬರು ನಿಂತು ಕೇಳಿದ್ದನ್ನು ಮತ್ತೆ ಹೇಳಿದಾಗಲೇ ಮಾತು ಪೇಟೆ ಮುಟ್ಟಿತು. ಬೆಂಗಳೂರಿಗೆ ಬೇರೆ ಉಪಾಯ. ಎರಡು ಸಿಲ್ವರ್ ಓಕ್ ಮರಗಳ ನಡುವೆ ಸುಮಾರು 20 ಮೀಟರ್ ತಂತಿಯನ್ನು ತಗ್ಗಿನಲ್ಲೇ ಕಟ್ಟಿ, 7 ಮೆಗಾಹರ್ಟ್ಸ್‌ನಲ್ಲಿ ಕರೆದೆವು. ಈ ಅಲೆ ಮೇಲಕ್ಕೆ ಹೋಗಿ, ಅಯಾನುಗೋಳದಿಂದ ತಿರುಗಿ, ಘಟ್ಟ ಗುಡ್ಡಗಳ ಹಂಗಿಲ್ಲದೆ ಕೆಳಗಿಳಿಯುತ್ತದೆ. ಕಾರಿನ ಬ್ಯಾಟರಿ ಸಾಕಾಯಿತು.

ಎಡವಿದ್ದು ಯಂತ್ರವಲ್ಲ, ನಾನು. "ಮೂರು ಜನಕ್ಕೆ ಔಷಧಿ ಬೇಕು" ಎಂದು ನಾನು ಹೇಳಿದ್ದನ್ನು ಅತ್ತಲಿಂದ "ನೂರು ಜನಕ್ಕೆ" ಎಂದು ಬರೆದುಕೊಂಡಿದ್ದರು. ಹ್ಯಾಮ್‌ಗಳು ಸಂದೇಶದ ಪದಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಪದಗಳು ಎರಡೂ ಕಡೆ ನಾಲ್ಕೇ, ತಪ್ಪು ಸಿಕ್ಕಲಿಲ್ಲ. ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದ ನಮ್ಮ ಕನ್ನಡ ಮೇಷ್ಟ್ರು, ನಿವೃತ್ತರಾಗಿ ಎಷ್ಟೋ ವರ್ಷವಾದವರು, ನಕ್ಕರು. "ಉಕ್ತಲೇಖನ ಮರೆತೆಯೇನೋ? ಬರೆದದ್ದನ್ನು ತಿರುಗಿ ಓದಿಸದೆ ನಾನು ಯಾವತ್ತಾದರೂ ಬಿಟ್ಟಿದ್ದೇನಾ?" ಅಂದಿನಿಂದ ನಮ್ಮ ನಿಯಮ ಹೀಗಿದೆ: ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಹೇಳಬೇಕು, ಕೇಳಿದವರು ಹಾಗೆಯೇ ತಿರುಗಿ ಓದಬೇಕು. "ಒಂದು, ಸೊನ್ನೆ, ಸೊನ್ನೆ" ಎಂದು ಅತ್ತಲಿಂದ ಬಂದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈ ಸುವರ್ಣ ಮಹೋತ್ಸವದ ನೆನಪಿಗೆ ಬರುವ ಮೇ ಕೊನೆಯ ಭಾನುವಾರ ದೊಡ್ಡ ತಾಲೀಮು ನಡೆಸುವ ಯೋಚನೆಯಿದೆ. ಕೇಂದ್ರ ನಮ್ಮ ಶಾಲೆ. ಜನ ಗಾಬರಿಯಾಗದಂತೆ ತಹಶೀಲ್ದಾರರಿಗೂ ಪೊಲೀಸರಿಗೂ ಮೊದಲೇ ತಿಳಿಸುತ್ತೇವೆ. ಪ್ರತಿ ಸಂದೇಶದ ಹಿಂದೆ ಮುಂದೆ "ಇದು ತಾಲೀಮು" ಎಂಬ ಮಾತಿರುತ್ತದೆ. ಗುಡುಗು ಕೇಳಿಸಿದರೆ ತಂತಿ ಬಿಚ್ಚಿ ನಿಲ್ಲಿಸುತ್ತೇವೆ. ಪರವಾನಗಿ ಇದ್ದವರು ಮಾತ್ರ ಸೆಟ್ಟಿನಲ್ಲಿ ಮಾತಾಡುತ್ತಾರೆ. ಸಂದೇಶ ಬರೆಯುವುದು, ಎಣಿಸುವುದು, ಸಮಯ ಗುರುತಿಸುವುದು, ಕೈಯಿಂದ ಕೈಗೆ ಮುಟ್ಟಿಸುವುದು ವಿದ್ಯಾರ್ಥಿಗಳ ಕೆಲಸ. 12 ವರ್ಷ ತುಂಬಿದವರು ಪರವಾನಗಿ ಪರೀಕ್ಷೆಗೆ ಕೂರಬಹುದು. ಅಂದರೆ ನಮ್ಮ ಎಂಟನೇ ತರಗತಿಯ ಮಕ್ಕಳೂ ಅರ್ಹರು. ಅವರಿಗೆ ಪಾಠ ಹೇಳುವ ಹೊಣೆ ನನ್ನದು.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಆ ಭಾನುವಾರ ಊರಿಗೆ ಬನ್ನಿ. ಹಳೆಯ ಬ್ಯಾಟರಿ ಇದ್ದರೆ ತನ್ನಿ, ಇಲ್ಲದಿದ್ದರೆ ಒಂದು ಪೆನ್ನು ತನ್ನಿ. ಮುಂದಿನ ದೊಡ್ಡ ಮಳೆಯಲ್ಲಿ ಯಾರ ಅಮ್ಮ ಆ ಕೊಠಡಿಯಲ್ಲಿ ಕುಳಿತಿರುತ್ತಾರೋ ಗೊತ್ತಿಲ್ಲ. ಅವರು ಹುಷಾರಾಗಿದ್ದಾರೆ ಎಂಬ ಸುದ್ದಿ ಅದೇ ದಿನ ಮಕ್ಕಳಿಗೆ ಮುಟ್ಟಲಿ.