ಕಳ್ಳನಿಗೆ ಬಿದ್ದ ಚಪ್ಪಾಳೆ: ಗುಬ್ಬಿ ಸೀಮೆಯ ಪ್ರೇಕ್ಷಕರು

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಜನ ಕಳ್ಳತನ, ಕೊಲೆ, ಮೋಸದ ಕಥೆಗಳನ್ನು ಬಾಯಿ ಮುಚ್ಚಿಕೊಂಡು ನೋಡಿದವರಲ್ಲ. ಆಟ ನಡೆಯುತ್ತಿರುವಾಗಲೇ ಕೂಗುವುದು, ಪಾತ್ರಧಾರಿಯನ್ನು ನಿಲ್ಲಿಸಿ ಮತ್ತೆ ಹಾಡಿಸುವುದು, ಖಳನಿಗೆ ಶಾಪ ಹಾಕುತ್ತಲೇ ಅವನ ಮಾತಿನ ವರಸೆಗೆ ಚಪ್ಪಾಳೆ ತಟ್ಟುವುದು ಇಲ್ಲಿ ಹಳೆಯ ರೂಢಿ. ಟಿವಿ ಧಾರಾವಾಹಿಯ ಕೊಲೆಗಾರ ಯಾರೆಂದು ಕಂತು ಮುಗಿಯುವ ಮೊದಲೇ ನಡುಮನೆಯಲ್ಲಿ ತೀರ್ಪು ಕೊಡುವ ಅಭ್ಯಾಸಕ್ಕೂ ಇದಕ್ಕೂ ನಂಟಿದೆ. ಕನ್ನಡದ ಅತಿ ದೊಡ್ಡ ನಾಟಕ ಕಂಪನಿ ಹುಟ್ಟಿದ್ದು ಈ ಸೀಮೆಯಲ್ಲೇ, ಅದರ ಅತಿ ಪ್ರಿಯ ಪಾತ್ರಗಳಲ್ಲೊಂದು ಒಬ್ಬ ಕಳ್ಳನದು.

ಗುಬ್ಬಿ ವ್ಯಾಪಾರದ ಊರು. ತೆಂಗು, ಕೊಬ್ಬರಿ, ಅಡಿಕೆಯ ವಹಿವಾಟು, ವಾರದ ಸಂತೆ, ಚನ್ನಬಸವೇಶ್ವರ ಸ್ವಾಮಿಯ ಜಾತ್ರೆ ಇವುಗಳ ಸುತ್ತ ಬೆಳೆದದ್ದು. ಅಲ್ಲಿನ ಉತ್ಸಾಹಿಗಳು 1884ರಲ್ಲಿ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಕಟ್ಟಿದರು. ಚಂದಣ್ಣನವರ ಜೊತೆ ಅಬ್ದುಲ್ ಅಜೀಜ್ ಸಾಹೇಬರೂ ಅದರ ಮೊದಲಿಗರಲ್ಲಿದ್ದರು. ಊರದೇವರ ಹೆಸರಿನ ಸಂಘಕ್ಕೆ ಎಲ್ಲ ಮತದವರ ಕೈ ಸೇರಿದ್ದು ಆ ಕಾಲಕ್ಕೆ ವಿಶೇಷವೆನಿಸಿದಂತೆ ಕಾಣುವುದಿಲ್ಲ. ಸಂತೆಯ ಊರಿನಲ್ಲಿ ಅದು ನಿತ್ಯದ ಸಂಗತಿ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದೂ 1884ರಲ್ಲೇ. ಪರದೆ, ಪೆಟ್ಟಿಗೆ, ವೇಷಭೂಷಣಗಳನ್ನೆಲ್ಲ ಹೊತ್ತು ಊರೂರು ತಿರುಗಬೇಕಾದ ಕಂಪನಿಗೆ ಇದಕ್ಕಿಂತ ಒಳ್ಳೆಯ ಕಾಲ ಇರಲಿಲ್ಲ. ಕುಣಿಗಲ್ ಮಾತ್ರ ರೈಲಿಗಾಗಿ 2017ರವರೆಗೆ ಕಾಯಬೇಕಾಯಿತು. ಅಷ್ಟು ಕಾಲವೂ ಅಲ್ಲಿಗೆ ನಾಟಕದ ಸಾಮಾನು ಹೋಗಬೇಕಾದರೆ ಎತ್ತಿನ ಗಾಡಿಯೋ ಲಾರಿಯೋ ಬೇಕಿತ್ತು.

ಕಂಪನಿ ಒಂದು ಊರಿನಲ್ಲಿ ಕ್ಯಾಂಪ್ ಹಾಕಿದರೆ ತಗಡಿನ ಥಿಯೇಟರು ಎದ್ದು ನಿಲ್ಲುತ್ತಿತ್ತು. ಮುಂದೆ ಕುರ್ಚಿ, ಹಿಂದೆ ಬೆಂಚು, ಬಡವರಿಗೆ ನೆಲ, ಹೆಂಗಸರಿಗೆ ಬೇರೆ ಜಾಗ. ಹಗಲು ಗಾಡಿಯ ಮೇಲೆ ವಾದ್ಯ ಬಾರಿಸುತ್ತ ಕರಪತ್ರ ಹಂಚುತ್ತಿದ್ದರು. ಜನ ಒಂದೇ ನಾಟಕವನ್ನು ಒಂದು ಕ್ಯಾಂಪಿನಲ್ಲೇ ಮೂರು ನಾಲ್ಕು ಸಲ ನೋಡುತ್ತಿದ್ದರು. ಕಥೆ ಎಲ್ಲರಿಗೂ ಗೊತ್ತು, ಮುಂದೇನಾಗುತ್ತದೆ ಎಂಬ ಕುತೂಹಲ ಯಾರಿಗೂ ಇಲ್ಲ. ನೋಡಬೇಕಾದದ್ದು ಈ ಸಲ ಹೇಗೆ ಮಾಡುತ್ತಾರೆ ಎಂಬುದನ್ನು. ಹಾಡು ಹಿಡಿಸಿದರೆ ನೆಲದ ಕಡೆಯಿಂದ ‘ವನ್ಸ್ ಮೋರ್’ ಏಳುತ್ತಿತ್ತು. ಇಂಗ್ಲಿಷ್ ಅಕ್ಷರ ಬಾರದವನಿಗೂ ಗೊತ್ತಿದ್ದ ಇಂಗ್ಲಿಷ್ ಅದು. ನಟ ಹಿಂದಕ್ಕೆ ಹೋಗಿ ಮತ್ತೆ ಪ್ರವೇಶ ಮಾಡಿ ಹಾಡಬೇಕು. ಸತ್ತು ಬಿದ್ದವನು ವನ್ಸ್ ಮೋರಿಗೆ ಎದ್ದು ಹಾಡಿ ಮತ್ತೆ ಸತ್ತ ಎಂಬ ನಗೆಮಾತು ಕಂಪನಿ ನಾಟಕದ ಬಗ್ಗೆ ಕರ್ನಾಟಕದ ಎಲ್ಲ ಕಡೆ ಇದೆ. ಕಥೆಯ ಓಟಕ್ಕೆ ಇದು ಅಡ್ಡಿ ಎಂದು ನಂತರದ ಹವ್ಯಾಸಿ ರಂಗದವರು ದೂರಿದರು. ದೂರು ಸರಿಯೇ. ಆದರೆ ಟಿಕೆಟ್ ಕೊಂಡವನಿಗೆ ಆಟದ ಮೇಲೆ ಆ ಕ್ಷಣದಲ್ಲೇ ಹಕ್ಕು ಚಲಾಯಿಸಲು ಸಿಕ್ಕಿದ್ದ ಏಕೈಕ ದಾರಿ ಅದು.

ಗುಬ್ಬಿ ವೀರಣ್ಣನವರು ಬಾಲಕನಾಗಿಯೇ ಕಂಪನಿಗೆ ಸೇರಿ, 1917ರಲ್ಲಿ ಅದರ ಒಡೆಯರಾದರು. ಅವರು ಹೆಸರು ಮಾಡಿದ್ದು ರಾಜನ ಪಾತ್ರದಿಂದಲ್ಲ, ಹಾಸ್ಯದಿಂದ. ಅದರಲ್ಲೂ ‘ಸದಾರಮೆ’ಯ ಕಳ್ಳನಿಂದ. ಈ ನಾಟಕವನ್ನು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ಇದೇ ಸೀಮೆಯವರು. ಬೆಳ್ಳಾವೆ ತುಮಕೂರು ತಾಲ್ಲೂಕಿನ ಊರು. ಮುಂದೆ 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಬರೆದವರೂ ಇವರೇ. ಮರುವರ್ಷ ‘ಸದಾರಮೆ’ಯೂ ಸಿನಿಮಾ ಆಯಿತು.

ನಾಟಕದ ಕಥೆ ಸುತ್ತುಬಳಸಿನದು. ರಾಜಕುಮಾರ ಜಯವೀರ ವರ್ತಕನ ಮಗಳು ಸದಾರಮೆಯನ್ನು ಮೆಚ್ಚುತ್ತಾನೆ. ಮಗಳನ್ನು ಕೊಡಬೇಕಾದರೆ ರಾಜ್ಯವನ್ನೇ ಕೊಡಿ ಎಂದು ಹೆಣ್ಣಿನ ಕಡೆಯವರು ಕೇಳುತ್ತಾರೆ. ರಾಜ್ಯ ಕೈಬಿಟ್ಟ ಮೇಲೆ ಗಂಡ ಹೆಂಡಿರು ಕಾಡುಪಾಲು. ಕಲಹಂಸನೆಂಬ ರಾಜನ ಕಣ್ಣು ಸದಾರಮೆಯ ಮೇಲೆ ಬೀಳುತ್ತದೆ. ಅಲ್ಲಿಗೆ ಕಳ್ಳನ ಪ್ರವೇಶ. ಅವನೂ ಅವಳ ಆಸೆಗೆ ಬಿದ್ದವನೇ. ಕೊನೆಗೆ ಅವಳ ಜಾಣತನಕ್ಕೆ ಸೋಲುತ್ತಾನೆ. ಲೆಕ್ಕ ಹಾಕಿದರೆ ಅವನದು ಕಥೆಯಲ್ಲಿ ಸಣ್ಣ ಪಾಲು. ರಂಗದ ಮೇಲೆ ಮಾತ್ರ ಅವನಿಗೂ ಸದಾರಮೆಗೂ ನಡೆಯುವ ಮಾತಿನ ಪಂದ್ಯ ಗಡಿಯಾರ ನೋಡದೆ ಬೆಳೆಯುತ್ತಿತ್ತು. ಅಂದಂದಿನ ಸುದ್ದಿ, ಆ ಊರಿನ ಅಧಿಕಾರಿಯ ಗತ್ತು, ಸಂತೆಯ ಬೆಲೆ ಯಾವುದು ಬೇಕಾದರೂ ಕಳ್ಳನ ಬಾಯಲ್ಲಿ ಬರಬಹುದಿತ್ತು. ಬರೆದ ಸಂಭಾಷಣೆ ಅಲ್ಲಿ ನೆಪಕ್ಕಷ್ಟೆ. ನೆಲದವರು ನಕ್ಕರೆ ಮಾತು ಮುಂದುವರಿಯುತ್ತದೆ, ತಣ್ಣಗಿದ್ದರೆ ದಾರಿ ಬದಲಾಗುತ್ತದೆ. ಈ ಒಂದು ದೃಶ್ಯದ ಮಟ್ಟಿಗೆ ಪ್ರೇಕ್ಷಕರೂ ನಾಟಕ ಬರೆದವರೇ ಎನ್ನಬಹುದು.

ಸದಾರಮೆಯನ್ನು ಕದಿಯಲು ಬಂದವನು ಜನರಿಗೆ ಏಕೆ ಇಷ್ಟವಾದ? ನಾಟಕದಲ್ಲಿ ಅವನೊಬ್ಬನೇ ಕಳ್ಳನಲ್ಲ. ಮಗಳ ಬೆಲೆಗೆ ರಾಜ್ಯ ಕೇಳಿದವರು, ದಾರಿಯಲ್ಲಿ ಸಿಕ್ಕ ಪರರ ಹೆಂಡತಿಯನ್ನು ಅರಮನೆಗೆ ಒಯ್ಯುವ ರಾಜ, ಇವರೆಲ್ಲ ಮರ್ಯಾದಸ್ಥರ ವೇಷದವರು. ಕಳ್ಳ ಮಾತ್ರ ತಾನು ಕಳ್ಳನೆಂದು ಹೇಳಿಕೊಂಡೇ ಬರುತ್ತಾನೆ. ವ್ಯಾಪಾರದ ಊರಿನಲ್ಲಿ, ತೂಕದ ಬಟ್ಟು, ಬಡ್ಡಿಯ ಲೆಕ್ಕ, ಕಂದಾಯದ ಅಮಲ್ದಾರ ಎಲ್ಲವನ್ನೂ ಕಂಡ ರೈತನಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿರಲಿಲ್ಲ. ವೀರಣ್ಣನವರ ನಂತರವೂ ಈ ಪಾತ್ರ ಮನೆತನದಲ್ಲೇ ಉಳಿಯಿತು: ಅವರ ಮೊಮ್ಮಗಳು ಬಿ. ಜಯಶ್ರೀ ಹೆಂಗಸಾಗಿ ಆ ಕಳ್ಳನ ವೇಷ ಹಾಕಿ, ಹೊಸ ಕಾಲದ ಸುದ್ದಿಗಳನ್ನು ಅವನ ಬಾಯಲ್ಲಿ ಆಡಿಸಿದರು.

ಕಂಪನಿಗಳು ಸೊರಗಿದ ಮೇಲೆ ಈ ರೂಢಿಯನ್ನು ಉಳಿಸಿದ್ದು ಹಳ್ಳಿಯ ಪೌರಾಣಿಕ ನಾಟಕಗಳು. ಗುಬ್ಬಿ ಕಂಪನಿ 1930ರ ದಶಕದಲ್ಲಿ ಆನೆ, ಕುದುರೆಗಳನ್ನು ರಂಗಕ್ಕೆ ತಂದು ಆಡಿದ ‘ಕುರುಕ್ಷೇತ್ರ’ದ ಹೆಸರು ಈ ಭಾಗದಲ್ಲಿ ಇನ್ನೂ ಹಳತಾಗಿಲ್ಲ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ‘ಕುರುಕ್ಷೇತ್ರ’, ‘ದಾನಶೂರ ಕರ್ಣ’, ‘ರಾಜಸೂಯ ಯಾಗ’ ಇಂದಿಗೂ ನಡೆಯುತ್ತವೆ. ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಪಾರ್ಟಿಗೆ ಬೆಲೆ ಕಟ್ಟಿ ಹಂಚುತ್ತಾರೆ. ಹೆಚ್ಚು ಹಣ ಬೇಡುವ ಪಾರ್ಟುಗಳ ಸಾಲಿನಲ್ಲಿ ಕೃಷ್ಣನ ಪಕ್ಕದಲ್ಲೇ ದುರ್ಯೋಧನ ನಿಲ್ಲುತ್ತಾನೆ. ಧರ್ಮರಾಯನ ಪಾರ್ಟಿಗೆ ಅಷ್ಟು ಜಗ್ಗಾಟ ಇರುವುದಿಲ್ಲ. ರಾತ್ರಿ ಒಂಬತ್ತಕ್ಕೆ ಶುರುವಾದ ಆಟ ಬೆಳಗಿನ ಜಾವದವರೆಗೆ ಎಳೆಯುತ್ತದೆ. ನಡುವೆ ನೆಂಟರು ವೇದಿಕೆ ಹತ್ತಿ ಹಾರ ಹಾಕಿ, ಎದೆಗೆ ನೋಟು ಚುಚ್ಚಿ ಇಳಿಯುತ್ತಾರೆ. ಶಕುನಿ ದಾಳ ಉರುಳಿಸುವಾಗ ಮುದುಕಿಯರು ‘ಇವನ ಮನೆ ಹಾಳಾಗ’ ಎನ್ನುತ್ತಾರೆ, ಅದೇ ಶಕುನಿಯ ಹಾಡಿಗೆ ಹಿಂದಿನಿಂದ ವನ್ಸ್ ಮೋರ್ ಬರುತ್ತದೆ. ಎರಡೂ ಒಟ್ಟಿಗೆ ನಡೆಯುವುದರಲ್ಲಿ ಯಾರಿಗೂ ವಿರೋಧ ಕಾಣುವುದಿಲ್ಲ.

ಅಪರಾಧದ ಕಥೆ ಪುರಾಣದ ಹಂಗಿಲ್ಲದೆ ಸಿಕ್ಕಿದ್ದು ಪತ್ತೇದಾರಿ ಕಾದಂಬರಿಗಳಲ್ಲಿ. 1950ರ ದಶಕದಿಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಸ್ ನಿಲ್ದಾಣದ ಅಂಗಡಿಗಳಲ್ಲಿ, ಬಾಡಿಗೆ ಗ್ರಂಥಾಲಯಗಳಲ್ಲಿ ಸಿಗುತ್ತಿದ್ದ. ಇದು ಒಬ್ಬನೇ ಕೂತು ಓದುವ ಸುಖ. ಕೂಗಿ ಹೇಳಲು ಪಕ್ಕದಲ್ಲಿ ಯಾರೂ ಇಲ್ಲ. ಕೊಲೆಗಾರ ಯಾರೆಂಬ ಒಗಟು ಓದುಗರಿಗೆ ಅಭ್ಯಾಸವಾದದ್ದು ಇಲ್ಲಿಂದ. ಗೊತ್ತಿರುವ ಕಥೆಯನ್ನು ಮತ್ತೆ ನೋಡುವವರಿಗೆ ಗೊತ್ತಿಲ್ಲದ ಕಥೆಯನ್ನು ಊಹಿಸುವ ಚಟ ಸೇರಿಕೊಂಡಿತು.

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ಸುಮಾರು 70 ಕಿಲೋಮೀಟರ್ ದೂರದ ತುಮಕೂರು, ಕುಣಿಗಲ್ಲುಗಳಲ್ಲಿ ಚಿತ್ರ ಹಿಡಿಯಲು ಮಾಳಿಗೆಯ ಮೇಲೆ ಎತ್ತರದ ಕಂಬ ನಿಲ್ಲಿಸಿ ಆಂಟೆನಾ ಕಟ್ಟಬೇಕಿತ್ತು. ಒಬ್ಬ ಮೇಲೆ ಅದನ್ನು ತಿರುಗಿಸುವುದು, ಕೆಳಗಿನವರು ‘ಬಂತು, ಬಂತು, ಹೋಯ್ತು’ ಎನ್ನುವುದು ಆ ದಶಕದ ಸಾಮಾನ್ಯ ದೃಶ್ಯ. ಟಿವಿ ಇದ್ದ ಮನೆಗೆ ಬೀದಿಯೇ ಬರುತ್ತಿದ್ದ ಆ ದಿನಗಳಲ್ಲಿ ನೋಟ ಇನ್ನೂ ಸಾರ್ವಜನಿಕವಾಗಿಯೇ ಇತ್ತು. 1985ರಲ್ಲಿ ಬಂದ ‘ಕರಮ್‌ಚಂದ್’ನಲ್ಲಿ ಪಂಕಜ್ ಕಪೂರ್ ಕ್ಯಾರೆಟ್ ಕಚ್ಚುತ್ತ ಕೊಲೆಗಾರನನ್ನು ಹಿಡಿಯುತ್ತಿದ್ದರು. ಸಂಭಾಷಣೆ ಹಿಂದಿಯದು; ಶಾಲೆಯಲ್ಲಿ ಹಿಂದಿ ಕಲಿತ ಹುಡುಗರು ಹಿರಿಯರಿಗೆ ಅರ್ಥ ಹೇಳಬೇಕಿತ್ತು, ಅವರು ಹೇಳುವಷ್ಟರಲ್ಲಿ ಪತ್ತೇದಾರ ಮುಂದಿನ ಸುಳಿವಿಗೆ ಹೋಗಿರುತ್ತಿದ್ದ. 1987ರಿಂದ ಬಂದ ‘ರಾಮಾಯಣ’ಕ್ಕೆ ದೇಶದ ಉಳಿದೆಡೆಯಂತೆ ಇಲ್ಲೂ ಜನ ಸ್ನಾನ ಮಾಡಿ ಕೂತರು. ಕಂಪನಿ ನಾಟಕದಲ್ಲಿ ದೇವರ ಪಾತ್ರ ಪ್ರವೇಶಿಸಿದಾಗ ಕರ್ಪೂರ ಹಚ್ಚುತ್ತಿದ್ದವರ ಮಕ್ಕಳಿಗೆ ಇದೇನೂ ಹೊಸತಲ್ಲ. ವನ್ಸ್ ಮೋರ್ ಮಾತ್ರ ಟಿವಿಗೆ ಕೇಳಿಸಲಿಲ್ಲ.

ಕನ್ನಡದಲ್ಲಿ ದಿನಾ ನೋಡುವ ದೀರ್ಘ ಕಥೆಯ ರುಚಿ ಹತ್ತಿಸಿದ್ದು 1998ರ ‘ಮಾಯಾಮೃಗ’. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ನಿರ್ದೇಶಿಸಿದ ಅದು ಅಪರಾಧದ ಕಥೆಯಲ್ಲ. ಆದರೆ ಸೀತಾರಾಮ್ ಮುಂದೆ ‘ಮುಕ್ತ’, ‘ಮುಕ್ತ ಮುಕ್ತ’ಗಳಲ್ಲಿ ನ್ಯಾಯಾಲಯವನ್ನೇ ರಂಗವಾಗಿಸಿದರು. ಕಾನೂನು ಓದಿದ ಅವರು ತಾವೇ ವಕೀಲ ಸಿ.ಎಸ್.ಪಿ. ಆಗಿ ಪಾಟಿ ಸವಾಲು ಹಾಕುತ್ತಿದ್ದರು. ಈ ಸೀಮೆಯಲ್ಲಿ ಜಮೀನಿನ ತಗಾದೆಗೆ ಕೋರ್ಟು ಹತ್ತದ ಕುಟುಂಬ ಹುಡುಕುವುದು ಕಷ್ಟ. ವಾಯಿದೆಯ ಮೇಲೆ ವಾಯಿದೆ ಕಂಡವರಿಗೆ, ಒಂದೇ ಕಂತಿನಲ್ಲಿ ಸುಳ್ಳು ಸಾಕ್ಷಿಯ ಬಾಯಿ ಕಟ್ಟುವ ವಕೀಲ ಕೊಟ್ಟ ತೃಪ್ತಿ ದೊಡ್ಡದು. 2000ದ ಡಿಸೆಂಬರಿನಲ್ಲಿ ಶುರುವಾದ ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆ ‘ಕ್ರೈಂ ಡೈರಿ’ ನಿರೂಪಿಸಿದಾಗ ನಿಜವಾದ ಕೊಲೆಗಳೇ ಕಥೆಯಾದವು. ಅವರ ಭಾರವಾದ ದನಿ ಶಾಲಾ ಕಾಲೇಜಿನ ಮಿಮಿಕ್ರಿಗೆ ಸರಕಾಯಿತು. ಕೊಲೆಯ ಸುದ್ದಿ ಹೇಳುವವನ ಧಾಟಿಯನ್ನು ಅಣಕಿಸಿ ನಗುವುದರಲ್ಲಿ ಸದಾರಮೆಯ ಕಾಲದ ಪ್ರೇಕ್ಷಕನೇ ಕಾಣುತ್ತಾನೆ, ಆದರೆ ಇಲ್ಲಿ ಸತ್ತವರು ನಿಜವಾದವರು ಎಂಬುದು ಆ ನಗೆಯನ್ನು ಅಷ್ಟು ನಿರಾಳವಾಗಿ ಒಪ್ಪಲು ಬಿಡುವುದಿಲ್ಲ.

ಖಾಸಗಿ ವಾಹಿನಿಗಳು ಹೆಚ್ಚಿದಂತೆ ಪ್ರೇಕ್ಷಕನ ಪ್ರತಿಕ್ರಿಯೆ ತಲುಪುವ ದಾರಿಯೂ ಬದಲಾಯಿತು. ಮೊದಲು ಪತ್ರಗಳಿದ್ದವು. ನಂತರ ಕೆಲವು ಮನೆಗಳ ಟಿವಿಗೆ ಅಳವಡಿಸಿದ ಮೀಟರು ಬಂತು. ಹಳ್ಳಿಯ ಮನೆಗಳನ್ನೂ ಸೇರಿಸಿ ರೇಟಿಂಗ್ ಕೊಡಲು ಬಾರ್ಕ್ ಸಂಸ್ಥೆ ಶುರುಮಾಡಿದ್ದು 2015ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಗುಬ್ಬಿ, ಕುಣಿಗಲ್ ತಾಲ್ಲೂಕಿನ ಹಳ್ಳಿಗರು ಎಷ್ಟು ನೋಡಿದರೂ ವಾಹಿನಿಯ ಲೆಕ್ಕಕ್ಕೆ ಇರಲಿಲ್ಲ. ನೆಲದ ಟಿಕೆಟಿನವನ ಕೂಗಿಗೆ ನಟ ಆ ಕ್ಷಣವೇ ಹಿಂದಿರುಗುತ್ತಿದ್ದ. ಮೀಟರಿನ ತೀರ್ಪು ವಾರಕ್ಕೊಮ್ಮೆ ಗುರುವಾರ ಬರುತ್ತದೆ, ಅದೂ ಅಂಕಿಯಾಗಿ. ಪಾತ್ರ ಹಿಡಿಸಿತೋ, ಬರೀ ಟಿವಿ ಹಾಕಿಟ್ಟಿದ್ದರೋ ಅಂಕಿಗೆ ತಿಳಿಯದು. ಸೀತಾರಾಮ್ 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಆರಂಭಿಸಿದ ‘ಮಗಳು ಜಾನಕಿ’ ರಾಜಕಾರಣ, ಅಪರಾಧ, ನ್ಯಾಯಾಲಯ ಮೂರನ್ನೂ ಹೆಣೆದ ಕಥೆ. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣಗಳೆಲ್ಲ ನಿಂತವು. ಮತ್ತೆ ಶುರುವಾದಾಗ ಈ ಧಾರಾವಾಹಿ ಮರಳಲಿಲ್ಲ. ಅದರಲ್ಲಿನ ಭಾರ್ಗಿ ಎಂಬ ಪಾತ್ರದ ಗತಿ ಏನಾಯಿತು, ನಾಯಕಿ ಜಾನಕಿಗೆ ಸತ್ಯ ತಿಳಿಯಿತೇ ಎಂದು ನೋಡುಗರು ಕೇಳಿದರು. ಕಥೆ ನಡುವೆಯೇ ಉಳಿಯಿತು.