ಯುನಿಕೋಡ್‌ನಲ್ಲಿ ಕನ್ನಡ ಅಕ್ಷರಗಳು

ಯುನಿಕೋಡ್ ಎಂಬುದು ಜಗತ್ತಿನ ಲಿಪಿಗಳ ಪ್ರತಿಯೊಂದು ವರ್ಣಕ್ಕೂ ನಿರ್ದಿಷ್ಟ ಸಂಖ್ಯೆಯನ್ನು (ಕೋಡ್) ನಿಗದಿಪಡಿಸುವ ಅಂತರರಾಷ್ಟ್ರೀಯ ಶಿಷ್ಟತೆ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ದೊರೆತವು. ಭಾರತೀಯ ಲಿಪಿಗಳಿಗಾಗಿ ರೂಪುಗೊಂಡಿದ್ದ ‘ಇಸ್ಕಿ’ ಶಿಷ್ಟತೆಯೇ ಇವುಗಳ ವಿನ್ಯಾಸಕ್ಕೆ ಆಧಾರ.

ರಚನೆ

ಸ್ವರ, ವ್ಯಂಜನ, ಸ್ವರಚಿಹ್ನೆ, ಅಂಕಿ ಮುಂತಾದ ಬಿಡಿ ಘಟಕಗಳಿಗೆ ಮಾತ್ರ ಕೋಡ್‌ಗಳಿವೆ; ಗುಣಿತಾಕ್ಷರ, ಒತ್ತಕ್ಷರಗಳಿಗೆ ಪ್ರತ್ಯೇಕ ಕೋಡ್ ಇಲ್ಲ. ಕೊರಿಯದ ಹಂಗುಲ್ ಲಿಪಿಯದು ಬೇರೆ ಮಾರ್ಗ. ಅದರಲ್ಲಿ ಬಿಡಿ ವರ್ಣಗಳ ಜೊತೆಗೆ, ಆಧುನಿಕ ಭಾಷೆಯಲ್ಲಿ ಸಾಧ್ಯವಿರುವ ಎಲ್ಲ 11,172 ಪೂರ್ಣಾಕ್ಷರಗಳಿಗೂ 1996ರ ಎರಡನೆಯ ಆವೃತ್ತಿಯಿಂದ ಒಂದೊಂದು ಕೋಡ್ ಇದೆ. ಕನ್ನಡದ ಅಕ್ಷರವನ್ನಾದರೋ ಪರದೆಯ ಮೇಲೆ ಜೋಡಿಸುವುದು ಫಾಂಟ್ ಮತ್ತು ತಂತ್ರಾಂಶಗಳ ಹೊಣೆ.

ಯಾದಗಿರಿ ಜಿಲ್ಲೆಯ ಹೆಸರುಗಳಲ್ಲಿಯೇ ಇದರ ಪರಿಣಾಮವನ್ನು ಕಾಣಬಹುದು. ‘ಸುರಪುರ’ದಲ್ಲಿ ನಾಲ್ಕು ಅಕ್ಷರಗಳಿದ್ದರೂ ಕೋಡ್‌ಗಳು ಆರು. ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಹರಿಯುವ ನದಿಯ ಹೆಸರು ‘ಕೃಷ್ಣಾ’ ಎರಡೇ ಅಕ್ಷರ. ಅದಕ್ಕೂ ಆರು ಕೋಡ್‌ಗಳು ಬೇಕು: ಕ, ಋಕಾರದ ಚಿಹ್ನೆ, ಷ, ಹಲಂತ, ಣ, ಆಕಾರದ ಚಿಹ್ನೆ. ಹೀಗಾಗಿ ಕಂಪ್ಯೂಟರ್ ತೋರಿಸುವ ಎಣಿಕೆಯನ್ನು ಅಕ್ಷರಗಳ ಎಣಿಕೆಯೆಂದು ಭಾವಿಸುವುದು ಸರಿಯಲ್ಲ.

‘ಭೀಮಾ’ ಎಂಬ ಹೆಸರಿನ ತೊಡಕು ಇನ್ನೂ ಸೂಕ್ಷ್ಮವಾದುದು. ಅಲ್ಲಿನ ಈಕಾರವನ್ನು ಒಂದೇ ಕೋಡ್ ಆಗಿ ಬರೆಯಬಹುದು. ಇಕಾರ ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯುನಿಕೋಡ್ ವಿಧಿಸುತ್ತದೆ. ಆದರೆ ಪಠ್ಯವನ್ನು ಏಕರೂಪಕ್ಕೆ ತರದ ತಂತ್ರಾಂಶದಲ್ಲಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗದು.

‘ಗುರುಮಠಕಲ್’ ಪದಕ್ಕೆ ‘ನಲ್ಲಿ’ ಸೇರಿಸಿದಾಗ ಹಲಂತದ ಮುಂದಿನ ನಕಾರವು ಒತ್ತಾಗಿ ‘ಗುರುಮಠಕಲ್ನಲ್ಲಿ’ ಎಂದಾಗುತ್ತದೆ. ‘ಗುರುಮಠಕಲ್‌ನಲ್ಲಿ’ ಎಂದು ಬಿಡಿಸಿ ತೋರಿಸಲು ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಬೇರ್ಪಡಕವನ್ನು ಹಾಕಬೇಕು. ಅದಕ್ಕೂ ತನ್ನದೇ ಕೋಡ್ ಉಂಟು.

ಹಳಗನ್ನಡದ ‘ೞ’ ಕಾರಕ್ಕೆ ಯುನಿಕೋಡ್‌ನಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಅಕ್ಷರದ ಬಳಕೆಗೆ ಇದರಿಂದ ಬಾಧೆಯಿಲ್ಲ.

ಹಳೆಯ ಫಾಂಟುಗಳು

ಯುನಿಕೋಡ್ ಬಳಕೆ ಹರಡುವ ಮುನ್ನ ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳ ಫಾಂಟುಗಳು ಕನ್ನಡ ಅಕ್ಷರಗಳ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಇರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂತಹ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಫಾಂಟ್ ಇದ್ದು ‘ಯಾದಗಿರಿ’ ಎಂದು ಓದಲು ಬಂದರೂ, ಯುನಿಕೋಡ್‌ನಲ್ಲಿ ಟೈಪಿಸಿ ಹುಡುಕಿದಾಗ ಆ ಪದ ಸಿಗುವುದಿಲ್ಲ. ಈ ಕಡತಗಳನ್ನು ಯುನಿಕೋಡ್‌ಗೆ ಮಾರ್ಪಡಿಸುವ ಪರಿವರ್ತಕಗಳು ಲಭ್ಯವಿವೆ; ಪರಿವರ್ತನೆಯ ನಂತರ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಪರಿಶೀಲಿಸುವುದು ಅಗತ್ಯ.