ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್: ಯಂತ್ರಕ್ಕೆ ಕಿವಿ ಬಂದ ಮೇಲೆ ಸಂಬಳ ಏನಾಯಿತು?

'ಕಂಪ್ಯೂಟರೇ ಮಾತು ಕೇಳಿಸಿಕೊಂಡು ಟೈಪ್ ಮಾಡುವಾಗ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಮಾಡುವವರು ಯಾಕೆ ಬೇಕು?' ಎನ್ನುವ ಪ್ರಶ್ನೆಯನ್ನು ನಾವು ಆಗಾಗ ಕೇಳುತ್ತೇವೆ. ಇನ್ನೊಂದು ಕಡೆ 'ಮನೆಯಲ್ಲೇ ಕುಳಿತು ಕೈತುಂಬ ಸಂಪಾದಿಸಿ' ಎನ್ನುವ ಕೋರ್ಸ್ ಜಾಹೀರಾತುಗಳೂ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಈ ಎರಡು ಮಾತುಗಳಲ್ಲಿ ಯಾವುದೂ ಪೂರ್ತಿ ನಿಜವಲ್ಲ. ಧ್ವನಿ ಗುರುತಿಸುವ ತಂತ್ರಜ್ಞಾನ ಈ ಉದ್ಯೋಗವನ್ನು ಒಂದೇ ಏಟಿಗೆ ಕೊನೆಗಾಣಿಸಲಿಲ್ಲ. ಮೊದಲು ಕೆಲಸದ ಸ್ವರೂಪ ಬದಲಾಯಿತು, ಅದರ ಹಿಂದೆಯೇ ಸಂಬಳದ ಲೆಕ್ಕ ಬದಲಾಯಿತು, ಆಮೇಲೆ ಕೆಲಸಗಳ ಸಂಖ್ಯೆ ಇಳಿಯಿತು. ಇದು ನಡೆದದ್ದು ಹೇಗೆ ಎಂದು ಒಂದೊಂದಾಗಿ ನೋಡೋಣ.

ಏನಿದು ಕೆಲಸ?

ಅಮೆರಿಕದಂತಹ ದೇಶಗಳಲ್ಲಿ ರೋಗಿಯನ್ನು ನೋಡಿದ ಮೇಲೆ ವೈದ್ಯರು ವಿವರಗಳನ್ನು ಬರೆಯುವ ಬದಲು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುವ ರೂಢಿ ಬಹಳ ಕಾಲದಿಂದ ಇದೆ. ರೋಗದ ಲಕ್ಷಣ, ಪರೀಕ್ಷೆಯ ಫಲಿತಾಂಶ, ಶಸ್ತ್ರಚಿಕಿತ್ಸೆಯ ವಿವರ, ಕೊಡಬೇಕಾದ ಔಷಧ ಎಲ್ಲವೂ ಆ ಧ್ವನಿಯಲ್ಲಿರುತ್ತದೆ. ಅದನ್ನು ಹೆಡ್‌ಫೋನಿನಲ್ಲಿ ಕೇಳಿ, ಕಾಲಿನ ಪೆಡಲ್‌ನಿಂದ ಹಿಂದೆ ಮುಂದೆ ಓಡಿಸುತ್ತಾ, ಅಚ್ಚುಕಟ್ಟಾದ ವರದಿಯಾಗಿ ಟೈಪ್ ಮಾಡುವವರೇ ಟ್ರಾನ್ಸ್‌ಕ್ರಿಪ್ಷನಿಸ್ಟ್‌ಗಳು.

ಇದು ಬರೀ ಟೈಪಿಂಗ್ ಅಲ್ಲ. ಅಂಗರಚನೆ, ಔಷಧಗಳ ಹೆಸರು, ಲ್ಯಾಬ್ ಪರೀಕ್ಷೆಗಳ ಮಾಮೂಲಿ ಮಟ್ಟ, ಇವೆಲ್ಲ ಗೊತ್ತಿರಬೇಕು. 'ಇಲಿಯಮ್' ಎಂದು ಕಿವಿಗೆ ಬಿದ್ದರೆ ಅದು ಸಣ್ಣ ಕರುಳಿನ ಭಾಗವೋ, ಸೊಂಟದ ಮೂಳೆಯೋ ಎಂದು ಸಂದರ್ಭ ನೋಡಿ ತೀರ್ಮಾನಿಸಬೇಕು. ಇಂಗ್ಲಿಷಿನಲ್ಲಿ ಎರಡಕ್ಕೂ ಉಚ್ಚಾರಣೆ ಒಂದೇ, ಕಾಗುಣಿತ ಬೇರೆ.

ಈ ಕೆಲಸಕ್ಕೆ ಹೆಚ್ಚಿನ ಕಡೆ ಸಂಬಳ ಸಿಗುವುದು ಸಾಲಿನ ಲೆಕ್ಕದಲ್ಲಿ. ಖಾಲಿ ಜಾಗವೂ ಸೇರಿ 65 ಅಕ್ಷರಗಳಾದರೆ ಒಂದು ಸಾಲು ಎನ್ನುವುದು ಉದ್ಯಮದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಅಳತೆ.

ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ?

ನಮ್ಮ ಕಾಲಮಾನ ಅಮೆರಿಕದ ಪೂರ್ವ ಕರಾವಳಿಗಿಂತ ಒಂಬತ್ತೂವರೆಯಿಂದ ಹತ್ತೂವರೆ ಗಂಟೆ ಮುಂದಿದೆ. ಅಲ್ಲಿನ ವೈದ್ಯರು ಸಂಜೆ ರೆಕಾರ್ಡ್ ಮಾಡಿದ್ದನ್ನು ಇಲ್ಲಿ ಹಗಲಲ್ಲಿ ಟೈಪ್ ಮಾಡಿದರೆ, ಅವರು ಮರುದಿನ ಆಸ್ಪತ್ರೆಗೆ ಬರುವ ಹೊತ್ತಿಗೆ ವರದಿ ಸಿದ್ಧ. ವೇಗದ ಸಂಪರ್ಕ ಬಂದ 1990ರ ದಶಕದಲ್ಲಿ ಈ ಅನುಕೂಲ ನೋಡಿಯೇ ಕೆಲಸ ಇಲ್ಲಿಗೆ ಹರಿದುಬಂತು. ಸಾಫ್ಟ್‌ವೇರ್ ಕಂಪನಿಗಳ ಪಕ್ಕದಲ್ಲೇ ಬೆಂಗಳೂರಿನಲ್ಲಿ ಟ್ರಾನ್ಸ್‌ಕ್ರಿಪ್ಷನ್ ಕಚೇರಿಗಳೂ ತರಬೇತಿ ಕೇಂದ್ರಗಳೂ ತೆರೆದವು. ಬಿ.ಎಸ್‌ಸಿ. ಮುಗಿಸಿ ಎಂಜಿನಿಯರಿಂಗ್ ಹಾದಿಗೆ ಹೋಗದವರಿಗೂ, ಮನೆಯಿಂದ ಕೆಲಸ ಮಾಡಬಯಸುವ ಗೃಹಿಣಿಯರಿಗೂ ಐಟಿ ಲೋಕದ ಒಂದು ಬಾಗಿಲು ತೆರೆದಂತಾಯಿತು.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಈ ಕೆಲಸದ ಗಿರಾಕಿಗಳು ಹೊರದೇಶದ ಆಸ್ಪತ್ರೆಗಳು. ಹೀಗಾಗಿ ಅಲ್ಲಿನ ಕಾನೂನು ಮತ್ತು ತಂತ್ರಜ್ಞಾನ ಬದಲಾದಾಗ ಪೆಟ್ಟು ಬಿದ್ದದ್ದು ಇಲ್ಲಿನ ಸಂಬಳಕ್ಕೂ.

ಯಂತ್ರ ಕೇಳಿಸಿಕೊಳ್ಳುವುದು ಹೇಗೆ?

ಮಾತನ್ನು ಗುರುತಿಸುವ ಯಂತ್ರದ ಪ್ರಯತ್ನ ಹೊಸದಲ್ಲ. 1952ರಲ್ಲೇ ಬೆಲ್ ಪ್ರಯೋಗಾಲಯದ 'ಆಡ್ರಿ' ಎಂಬ ಯಂತ್ರ ಅಂಕಿಗಳನ್ನು ಹೇಳಿದರೆ ಗುರುತಿಸುತ್ತಿತ್ತು. ಸಾಮಾನ್ಯರು ಬಳಸಬಹುದಾದ 'ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್' ತಂತ್ರಾಂಶ ಬಂದದ್ದು 1997ರಲ್ಲಿ.

ಇಂತಹ ತಂತ್ರಾಂಶ ಧ್ವನಿಯನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಣ್ಣ ತುಣುಕುಗಳಾಗಿ ಸೀಳಿ, ಪ್ರತಿ ತುಣುಕು ಯಾವ ಉಚ್ಚಾರಣೆಗೆ ಹೊಂದುತ್ತದೆ ಎಂದು ಅಂದಾಜಿಸುತ್ತದೆ. ಜೊತೆಗೆ ಯಾವ ಪದದ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕುತ್ತದೆ. ಅದರ ಉತ್ತರ ಎಂದರೆ 'ಇದೇ ಇರಬಹುದು' ಎನ್ನುವ ಅತ್ಯುತ್ತಮ ಊಹೆ. ವಾಕ್ಯದ ಅರ್ಥ ರೋಗಿಗೆ ಸರಿಹೊಂದುತ್ತದೆಯೇ ಎಂಬ ಹೊಣೆ ಅದಕ್ಕಿಲ್ಲ.

2010ರ ನಂತರ ಡೀಪ್ ಲರ್ನಿಂಗ್ ವಿಧಾನದಿಂದ ಈ ಊಹೆಗಳು ಬಹಳ ಸುಧಾರಿಸಿದವು. ವೈದ್ಯರ ಧ್ವನಿ ಮತ್ತು ಅದನ್ನು ಮನುಷ್ಯರು ತಿದ್ದಿದ ವರದಿ ಎರಡೂ ಒಟ್ಟಿಗೆ ಸಿಕ್ಕರೆ ಯಂತ್ರ ಇನ್ನಷ್ಟು ಕಲಿಯುತ್ತದೆ. ಅಂದರೆ ಟ್ರಾನ್ಸ್‌ಕ್ರಿಪ್ಷನಿಸ್ಟ್‌ಗಳು ತಿದ್ದಿದ ಒಂದೊಂದು ಸಾಲೂ ಯಂತ್ರಕ್ಕೆ ಪಾಠವಾಯಿತು. ಆ ಪಾಠಕ್ಕೆ ಅವರಿಗೆ ಪ್ರತ್ಯೇಕ ಸಂಬಳವೇನೂ ಸಿಗಲಿಲ್ಲ.

ದೊಡ್ಡ ಕಂಪನಿಗಳೂ ಗಾಳಿ ಬಂದ ದಿಕ್ಕಿಗೆ ತಿರುಗಿದವು. ಟ್ರಾನ್ಸ್‌ಕ್ರಿಪ್ಷನ್‌ಗೆ ಹೆಸರಾಗಿದ್ದ ಮೆಡ್‌ಕ್ವಿಸ್ಟ್, 2011ರಲ್ಲಿ ಎಂ-ಮೋಡಲ್ ಎಂಬ ಧ್ವನಿ ತಂತ್ರಜ್ಞಾನ ಕಂಪನಿಯನ್ನು ಕೊಂಡು, ಮರುವರ್ಷ ತನ್ನ ಹೆಸರನ್ನೇ ಎಂ-ಮೋಡಲ್ ಎಂದು ಬದಲಿಸಿಕೊಂಡಿತು.

ಸಂಬಳಕ್ಕೆ ಏನಾಯಿತು?

ಯಂತ್ರ ಬಂದ ಮೇಲೆ ಟೈಪ್ ಮಾಡುತ್ತಿದ್ದವರು ಎಡಿಟರ್‌ಗಳಾದರು. ಯಂತ್ರ ಬರೆದ ಕರಡನ್ನು ಧ್ವನಿಯೊಂದಿಗೆ ಹೋಲಿಸಿ ತಿದ್ದುವುದು ಅವರ ಹೊಸ ಕೆಲಸ. 'ಅರ್ಧ ಕೆಲಸ ಯಂತ್ರವೇ ಮಾಡಿದೆ, ಆದ್ದರಿಂದ ಸಾಲಿಗೆ ಅರ್ಧ ದರ' ಎನ್ನುವುದು ಕಂಪನಿಗಳ ವಾದ. 'ವೇಗ ಎರಡರಷ್ಟಾಗುತ್ತದೆ, ಹಾಗಾಗಿ ಕೈಗೆ ಬರುವ ಹಣ ಕಡಿಮೆಯಾಗುವುದಿಲ್ಲ' ಎನ್ನುವುದು ಅವರು ಕೊಟ್ಟ ಭರವಸೆ.

ಈ ಭರವಸೆಯನ್ನು ಒಂದು ಲೆಕ್ಕದಲ್ಲಿಟ್ಟು ನೋಡೋಣ. ಅಂಕಿಗಳು ಉದಾಹರಣೆಗಷ್ಟೇ. ಒಬ್ಬರು ಗಂಟೆಗೆ 150 ಸಾಲು ಟೈಪ್ ಮಾಡುತ್ತಾರೆ, ಸಾಲಿಗೆ 8 ಸೆಂಟ್ ಎಂದಿಟ್ಟುಕೊಳ್ಳಿ. ಗಂಟೆಯ ಸಂಪಾದನೆ 12 ಡಾಲರ್. ತಿದ್ದುವ ಕೆಲಸಕ್ಕೆ ಸಾಲಿಗೆ 4 ಸೆಂಟ್ ಆದರೆ, ಅದೇ 12 ಡಾಲರ್ ಸಂಪಾದಿಸಲು ಗಂಟೆಗೆ 300 ಸಾಲು ಮುಗಿಸಬೇಕು. ಕಷ್ಟಪಟ್ಟು 225 ಸಾಲು ಮುಗಿಸಿದರೂ ಸಿಗುವುದು 9 ಡಾಲರ್. ವೇಗ ಒಂದೂವರೆ ಪಟ್ಟಾಯಿತು, ಸಂಪಾದನೆ ಕಾಲು ಭಾಗ ಇಳಿಯಿತು.

ವೇಗ ಎರಡು ಪಟ್ಟಾಗುವುದು ಯಾಕೆ ಕಷ್ಟ? ಎಷ್ಟು ಬೇಗ ಓದಿದರೂ ಧ್ವನಿಯನ್ನು ಪೂರ್ತಿ ಕೇಳಲೇಬೇಕು. ವೈದ್ಯರು ಹತ್ತು ನಿಮಿಷ ಮಾತನಾಡಿದ್ದರೆ, ರೆಕಾರ್ಡಿಂಗನ್ನು ಸ್ವಲ್ಪ ವೇಗವಾಗಿ ಓಡಿಸಬಹುದೇ ಹೊರತು ಬಿಟ್ಟುಬಿಡುವಂತಿಲ್ಲ. ಕರಡು ತೀರಾ ಕೆಟ್ಟದಾಗಿದ್ದರೆ ಅಳಿಸಿ ಹೊಸದಾಗಿ ಟೈಪ್ ಮಾಡುವುದೇ ಸುಲಭ. ಆದರೆ ದರ ಮಾತ್ರ ತಿದ್ದುವುದರದ್ದೇ ಸಿಗಬಹುದು.

ಸ್ಪಷ್ಟವಾಗಿ ಮಾತನಾಡುವ ವೈದ್ಯರ ಸುಲಭದ ಕಡತಗಳನ್ನು ಯಂತ್ರವೇ ಚೆನ್ನಾಗಿ ಮುಗಿಸುತ್ತದೆ. ಗದ್ದಲದ ನಡುವೆ, ಅವಸರದಲ್ಲಿ, ಊಟ ಮಾಡುತ್ತಾ ಮಾತನಾಡಿದ ಕಡತಗಳು ಮನುಷ್ಯರ ಪಾಲಿಗೆ ಉಳಿಯುತ್ತವೆ. ಹಿಂದೆ ಸುಲಭದ ಸಾಲುಗಳು ಕಷ್ಟದ ಸಾಲುಗಳ ನಷ್ಟವನ್ನು ತುಂಬಿಕೊಡುತ್ತಿದ್ದವು. ಈಗ ಆ ಆಸರೆಯೂ ಹೋಯಿತು.

ಕೆಲಸಗಳು ಕಡಿಮೆಯಾಗಲು ಯಂತ್ರವೊಂದೇ ಕಾರಣವೇ?

ಅಲ್ಲ. 2009ರಲ್ಲಿ ಅಮೆರಿಕ ಜಾರಿಗೆ ತಂದ ಹೈಟೆಕ್ ಕಾಯ್ದೆ ಎಲೆಕ್ಟ್ರಾನಿಕ್ ವೈದ್ಯಕೀಯ ದಾಖಲೆಗಳನ್ನು ಬಳಸುವ ಆಸ್ಪತ್ರೆಗಳಿಗೆ ಪ್ರೋತ್ಸಾಹಧನ ಕೊಟ್ಟಿತು. ಆಗ ವೈದ್ಯರು ಪರದೆಯ ಮೇಲೆ ಆಯ್ಕೆಗಳನ್ನು ಒತ್ತಿ, ಸಿದ್ಧ ಮಾದರಿಗಳನ್ನು ತುಂಬಿ ತಾವೇ ವರದಿ ಮಾಡತೊಡಗಿದರು. ಧ್ವನಿ ತಂತ್ರಾಂಶವೂ ನೇರ ಅವರ ಮೇಜಿಗೇ ಬಂತು. ಮಾತನಾಡಿದ್ದು ಕಣ್ಣೆದುರೇ ಅಕ್ಷರವಾಗುತ್ತದೆ, ತಿದ್ದುವವರೂ ವೈದ್ಯರೇ. ಟ್ರಾನ್ಸ್‌ಕ್ರಿಪ್ಷನಿಸ್ಟ್‌ನ ಕೆಲಸ ಪೂರ್ತಿ ಮಾಯವಾಗಲಿಲ್ಲ, ಅದರ ಒಂದು ಪಾಲು ವೈದ್ಯರ ಹೆಗಲಿಗೆ ಬಿತ್ತು.

ಈಗಿನ ಹಂತ ಇನ್ನೂ ಮುಂದಿನದು. ವೈದ್ಯರು ಮತ್ತು ರೋಗಿ ಮಾತನಾಡುವುದನ್ನು ಕೋಣೆಯಲ್ಲಿರುವ ಫೋನ್ ಕೇಳಿಸಿಕೊಂಡು ತಾನೇ ವರದಿಯ ಕರಡು ತಯಾರಿಸುತ್ತದೆ. 2020ರಲ್ಲಿ ನುಯಾನ್ಸ್ ಕಂಪನಿ ಹೊರತಂದ 'ಡಾಕ್ಸ್' ಸೇವೆಯಲ್ಲಿ ಮೊದಮೊದಲು ಪರದೆಯ ಹಿಂದೆ ಮನುಷ್ಯರೇ ಕರಡನ್ನು ಪರಿಶೀಲಿಸುತ್ತಿದ್ದರು. ಮೈಕ್ರೋಸಾಫ್ಟ್ ಆ ಕಂಪನಿಯನ್ನು ಕೊಂಡ ಮೇಲೆ, 2023ರಲ್ಲಿ ಬಂದ ಹೊಸ ಆವೃತ್ತಿ ಕರಡನ್ನು ನೇರ ವೈದ್ಯರ ಕೈಗೇ ಕೊಡುತ್ತದೆ. ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ವಿಭಾಗದ ಮುನ್ನೋಟಗಳಲ್ಲೂ ಈ ಉದ್ಯೋಗ ಇಳಿಮುಖದ ಪಟ್ಟಿಯಲ್ಲಿದೆ.

ಯಂತ್ರ ತಪ್ಪು ಮಾಡುವುದಿಲ್ಲವೇ?

ಮಾಡುತ್ತದೆ. 2018ರಲ್ಲಿ 'ಜಾಮಾ ನೆಟ್‌ವರ್ಕ್ ಓಪನ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇಂತಹ 217 ವರದಿಗಳನ್ನು ಪರಿಶೀಲಿಸಿತು. ಯಂತ್ರದ ಕರಡಿನಲ್ಲಿ ಪ್ರತಿ 100 ಪದಗಳಿಗೆ ಸರಾಸರಿ 7.4 ತಪ್ಪುಗಳಿದ್ದವು. ಟ್ರಾನ್ಸ್‌ಕ್ರಿಪ್ಷನಿಸ್ಟ್ ತಿದ್ದಿದ ಮೇಲೆ ಅದು 0.4ಕ್ಕೆ ಇಳಿಯಿತು. ವೈದ್ಯರು ಸಹಿ ಹಾಕುವ ಹೊತ್ತಿಗೆ 0.3. ಅಂದರೆ ಹೆಚ್ಚಿನ ತಪ್ಪುಗಳನ್ನು ಹಿಡಿದದ್ದು ಸಾಲಿಗೆ ಅರ್ಧ ದರ ಪಡೆಯುತ್ತಿದ್ದ ಆ ಮಧ್ಯದ ವ್ಯಕ್ತಿ. ಅಲ್ಲಿಂದ ಈಚೆಗೆ ಯಂತ್ರಗಳು ಸುಧಾರಿಸಿವೆ ನಿಜ. ಆದರೆ ಹೊಸ ಬಗೆಯ ತಪ್ಪೂ ಜೊತೆಗೆ ಬಂದಿದೆ. 2024ರಲ್ಲಿ 'ವಿಸ್ಪರ್' ಎಂಬ ಧ್ವನಿ ತಂತ್ರಾಂಶವನ್ನು ಪರೀಕ್ಷಿಸಿದ ಸಂಶೋಧಕರಿಗೆ, ಸುಮಾರು ಶೇ. 1ರಷ್ಟು ಧ್ವನಿ ತುಣುಕುಗಳಲ್ಲಿ ಯಾರೂ ಹೇಳದ ಮಾತುಗಳನ್ನು ಅದು ತಾನೇ ಸೃಷ್ಟಿಸಿರುವುದು ಕಂಡುಬಂತು.

ಹಾಗೆಂದು ಮನುಷ್ಯರು ತಪ್ಪೇ ಮಾಡುವುದಿಲ್ಲ ಎನ್ನುವುದೂ ಮಿಥ್ಯೆ. ಅಮೆರಿಕದ ಅಲಬಾಮಾದಲ್ಲಿ ಹೊರಗುತ್ತಿಗೆಗೆ ಕೊಟ್ಟ ವರದಿಯೊಂದರಲ್ಲಿ ಇನ್ಸುಲಿನ್ ಪ್ರಮಾಣ 8 ಯೂನಿಟ್ ಬದಲು 80 ಎಂದಾಗಿ ರೋಗಿ ತೀರಿಕೊಂಡರು. 2012ರಲ್ಲಿ ಅಲ್ಲಿನ ಜ್ಯೂರಿ 14 ಕೋಟಿ ಡಾಲರ್ ಪರಿಹಾರಕ್ಕೆ ತೀರ್ಪಿತ್ತಿತು. ಟೈಪ್ ಮಾಡಿದ್ದು ಯಾರೇ ಆಗಲಿ, ಎರಡನೆಯ ಜೋಡಿ ಕಣ್ಣು ಇರಲೇಬೇಕು ಎನ್ನುವುದು ಇದರ ಪಾಠ. ಸಾಲಿನ ದರ ಇಳಿದಷ್ಟೂ ಅವಸರ ಹೆಚ್ಚುತ್ತದೆ, ಅವಸರದಲ್ಲಿ ಆ ಕಣ್ಣೇ ಮಂಜಾಗುತ್ತದೆ.

ಈ ಕ್ಷೇತ್ರದಲ್ಲಿರುವವರು ಏನು ಮಾಡಬಹುದು?

ಟೈಪಿಂಗ್ ವೇಗಕ್ಕೆ ಮೊದಲಿನ ಬೆಲೆ ಇಲ್ಲ, ವೈದ್ಯಕೀಯ ಭಾಷೆಯ ತಿಳಿವಳಿಕೆಗೆ ಇನ್ನೂ ಬೆಲೆ ಇದೆ. ಅದನ್ನು ಬೇಡುವ ಕೆಲಸಗಳು: ಗುಣಮಟ್ಟ ಪರಿಶೀಲನೆ, ಯಂತ್ರದ ವರದಿಗಳ ತಪಾಸಣೆ, ವಿಮೆಗಾಗಿ ಮಾಡುವ ಮೆಡಿಕಲ್ ಕೋಡಿಂಗ್, ದೂರದಿಂದಲೇ ವೈದ್ಯರ ಟಿಪ್ಪಣಿ ಬರೆಯುವ ಸ್ಕ್ರೈಬ್ ಕೆಲಸ. ಇವುಗಳಲ್ಲಿ ಕೋಡಿಂಗ್ ಮತ್ತು ಸ್ಕ್ರೈಬ್ ಕೆಲಸಗಳಿಗೂ ಯಂತ್ರ ಈಗಾಗಲೇ ಕೈಹಾಕಿದೆ ಎನ್ನುವುದನ್ನು ಮರೆಯುವಂತಿಲ್ಲ.

ಹೊಸದಾಗಿ ಕೋರ್ಸ್ ಸೇರುವ ಮೊದಲು, ಅಥವಾ ಮನೆಯಿಂದ ಮಾಡುವ ಕೆಲಸ ಒಪ್ಪಿಕೊಳ್ಳುವ ಮೊದಲು ಈ ಪ್ರಶ್ನೆಗಳನ್ನು ಕೇಳಿ:

- ಸಂಬಳ ತಿಂಗಳ ಲೆಕ್ಕವೋ, ಗಂಟೆಯ ಲೆಕ್ಕವೋ, ಸಾಲಿನ ಲೆಕ್ಕವೋ? ಸಾಲು ಎಂದರೆ ಎಷ್ಟು ಅಕ್ಷರ, ಖಾಲಿ ಜಾಗ ಸೇರುತ್ತದೆಯೇ?
- ಟೈಪ್ ಮಾಡುವ ಮತ್ತು ತಿದ್ದುವ ಕೆಲಸಕ್ಕೆ ದರ ಬೇರೆಯೇ? ಪಾಲು ಎಷ್ಟೆಷ್ಟು?
- ಕರಡು ಕೆಟ್ಟಿದ್ದು ಪೂರ್ತಿ ಹೊಸದಾಗಿ ಟೈಪ್ ಮಾಡಿದರೆ ಯಾವ ದರ?
- ತಪ್ಪಿಗೆ ಹಣ ಕಡಿತ ಉಂಟೇ? ಅದನ್ನು ಪ್ರಶ್ನಿಸಲು ಅವಕಾಶ ಇದೆಯೇ?
- ಕೋರ್ಸ್ ಮುಗಿಸಿದ ಹಿಂದಿನ ತಂಡದವರು ಈಗ ಯಾವ ಕೆಲಸದಲ್ಲಿದ್ದಾರೆ? ಅವರೊಡನೆ ಮಾತನಾಡಬಹುದೇ?

ಉತ್ತರ ಬರಹದಲ್ಲಿ ಸಿಗದಿದ್ದರೆ ಶುಲ್ಕ ಕಟ್ಟಲು ಅವಸರ ಮಾಡಬೇಡಿ.

ರೋಗಿಗಳಾಗಿ ನಾವೂ ಒಂದು ಕೆಲಸ ಮಾಡಬಹುದು. ವರದಿ ಬರೆದದ್ದು ವೈದ್ಯರೋ ಯಂತ್ರವೋ ನಮಗೆ ತಿಳಿಯದು. ಆಸ್ಪತ್ರೆಯಿಂದ ಹೊರಡುವ ಮುನ್ನ ಡಿಸ್ಚಾರ್ಜ್ ಸಾರಾಂಶದಲ್ಲಿ ನಾಲ್ಕು ವಿಷಯ ನೋಡಿಕೊಳ್ಳೋಣ: ಔಷಧದ ಹೆಸರು, ಅದರ ಪ್ರಮಾಣ, ಎಡವೋ ಬಲವೋ ಎಂಬುದು, ಮತ್ತು ನಮಗಿರುವ ಅಲರ್ಜಿ. ಅನುಮಾನ ಬಂದರೆ ಅಲ್ಲೇ ಕೇಳೋಣ. 8 ಮತ್ತು 80ರ ನಡುವೆ ಇರುವುದು ಒಂದೇ ಒಂದು ಸೊನ್ನೆ.